ರಸ್ತೆಬದಿಯ ಕಲ್ಲು, ಅದರ ಪಕ್ಕದ ಫಲಕ

ಓದುಗರ ಪ್ರಶ್ನೆ: ನಮ್ಮ ಊರು ಶನಿವಾರಸಂತೆಗೆ ಹತ್ತಿರದಲ್ಲಿದೆ. ಊರಿಗೆ ತಿರುಗುವಲ್ಲಿ, ರಸ್ತೆಗೆ ತಾಗಿಕೊಂಡಂತೆ, ಅರ್ಧ ಹೂತುಹೋದ ಕೆತ್ತನೆಯ ಕಲ್ಲೊಂದಿದೆ. ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಮೇಲೆ ಇಬ್ಬರು ಹೆಂಗಸರು, ಎಲ್ಲಕ್ಕಿಂತ ಮೇಲೆ ಲಿಂಗ ಮತ್ತು ಚಂದ್ರ ಕಾಣಿಸುತ್ತವೆ. ಈಗ ರಸ್ತೆ ಅಗಲ ಮಾಡುವವರಿದ್ದಾರೆ. ಕಲ್ಲನ್ನು ದೇವಸ್ಥಾನದ ಅಂಗಳಕ್ಕೆ ಸಾಗಿಸಿಕೊಡುತ್ತೇವೆ ಎಂದು ಗುತ್ತಿಗೆದಾರರು ಹೇಳಿದ್ದಾರೆ. ನಮ್ಮ ಯುವಕ ಸಂಘ ಅದಕ್ಕೆ ಬಣ್ಣ ಹೊಡೆದು ಪಕ್ಕದಲ್ಲಿ ಒಂದು ಫಲಕ ನಿಲ್ಲಿಸಬೇಕೆಂದಿದೆ. ‘ಪಾಂಡವರ ಕಾಲದ ಕಲ್ಲು’ ಎಂದು ಬರೆಸಿ ಎನ್ನುವವರು ಕೆಲವರು. ಕೊಡಗಿನ ಕೊನೆಯ ರಾಜನಿಗೂ ಕಂಪನಿಯವರಿಗೂ ನಡೆದ ಯುದ್ಧದಲ್ಲಿ ಮಡಿದವನ ಕಲ್ಲು ಎನ್ನುತ್ತಾರೆ ಊರಿನ ಹಿರಿಯರೊಬ್ಬರು. ಫಲಕದಲ್ಲಿ ಏನು ಬರೆಯಬೇಕು? ಅಲ್ಲಲ್ಲಿ ಹಾಕಿರುವ ಫಲಕಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಫಲಕದ ವಿಚಾರಕ್ಕೆ ಆಮೇಲೆ ಬರೋಣ, ಏಕೆಂದರೆ ಅದಕ್ಕೆ ಅವಸರವಿಲ್ಲ. ಅವಸರವಿರುವುದು ಕಲ್ಲಿನ ವಿಚಾರಕ್ಕೆ. ದಯವಿಟ್ಟು ಅದನ್ನು ದೇವಸ್ಥಾನದ ಅಂಗಳಕ್ಕೆ ಸಾಗಿಸಲು ಬಿಡಬೇಡಿ. ಗುತ್ತಿಗೆದಾರರ ಉದ್ದೇಶ ಒಳ್ಳೆಯದೇ ಇರಬಹುದು. ಜೆಸಿಬಿಯ ಹಲ್ಲಿಗೆ ಸಿಕ್ಕಿ ಪುಡಿಯಾಗುವುದಕ್ಕಿಂತ ದೇವಸ್ಥಾನದ ಅಂಗಳ ಮೇಲು ಎಂಬುದೂ ನಿಜ. ಆದರೆ ಇಂಥ ಕಲ್ಲಿನಲ್ಲಿ ಅಕ್ಷರವಿಲ್ಲದಿದ್ದರೆ ಅದು ನಿಂತ ಜಾಗವೇ ಅದರ ಅರ್ಧ ಶಾಸನ. ಊರಿನ ಗಡಿಯಲ್ಲಿ ನಿಂತದ್ದೋ, ಹಳೆಯ ದಾರಿ ಹೊಳೆ ದಾಟುವಲ್ಲಿ ನಿಂತದ್ದೋ, ಕೆರೆಯ ಏರಿಯ ಮೇಲೆ ನಿಂತದ್ದೋ, ದನ ಮೇಯುವ ಬಾಣೆಯ ಅಂಚಿನಲ್ಲಿ ನಿಂತದ್ದೋ ಎಂಬುದರ ಮೇಲೆ ಆ ಮನುಷ್ಯ ಏತಕ್ಕಾಗಿ ಸತ್ತಿರಬಹುದು ಎಂಬ ಊಹೆ ನಿಲ್ಲುತ್ತದೆ. ಅಂಗಳಕ್ಕೆ ಬಂದ ಕಲ್ಲಿಗೆ ನಾಲ್ಕು ವರ್ಷದಲ್ಲಿ ಅರಿಶಿನ ಕುಂಕುಮ ಬೀಳುತ್ತದೆ, ಹತ್ತು ವರ್ಷದಲ್ಲಿ ಅದೊಂದು ದೇವರಾಗುತ್ತದೆ, ಒಂದು ತಲೆಮಾರು ಕಳೆದರೆ ಅದು ಎಲ್ಲಿಂದ ಬಂತೆಂದು ಹೇಳುವವರೇ ಉಳಿದಿರುವುದಿಲ್ಲ. ಹೀಗೆ ಊರಿಲ್ಲದಂತಾದ ಕಲ್ಲುಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ನೀವು ವಿವರಿಸಿರುವುದು ವೀರಗಲ್ಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕೊಡಗಿನಲ್ಲಿ ಇಂಥವನ್ನು ಕೊಲ್ಲೆಕಲ್ಲು ಎಂದು ಕರೆಯುತ್ತಿದ್ದುದು ಹಳೆಯ ಬರಹಗಳಲ್ಲಿ ದಾಖಲಾಗಿದೆ. ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ, ಅಂದರೆ ಕೆತ್ತನೆಯ ಅಡ್ಡಸಾಲಿನಲ್ಲಿ, ಕಾಳಗ ಅಥವಾ ಸಾವಿನ ಸಂದರ್ಭವಿರುತ್ತದೆ. ನಡುವಿನದರಲ್ಲಿ ಸತ್ತ ವೀರನನ್ನು ಇಬ್ಬರು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರರಿರುತ್ತಾರೆ, ಅವು ಇರುವವರೆಗೂ ಈ ಹೆಸರಿರಲಿ ಎಂಬ ಅರ್ಥದಲ್ಲಿ. ನಿಮ್ಮ ‘ಇಬ್ಬರು ಹೆಂಗಸರು’ ಆ ಅಪ್ಸರೆಯರು. ನಿಮಗೆ ಚಂದ್ರ ಮಾತ್ರ ಕಂಡಿದ್ದರೆ ಸೂರ್ಯನಿದ್ದ ಮೂಲೆ ಸವೆದಿರಬಹುದು ಅಥವಾ ಮುರಿದಿರಬಹುದು, ಗಮನಿಸಿ ನೋಡಿ. ಕತ್ತಿ ಹಿಡಿದವನ ಸುತ್ತ ದನಗಳಿದ್ದರೆ ತುರುಗೊಳ್‌ನಲ್ಲಿ, ಅಂದರೆ ಹಿಡಿದೊಯ್ಯುತ್ತಿದ್ದ ದನಗಳನ್ನು ಬಿಡಿಸುವ ಹೋರಾಟದಲ್ಲಿ ಮಡಿದವನು. ಎದುರಿಗೆ ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಮಡಿದವನು. ಕಂಬದಿಂದ ಹೊರಚಾಚಿದ, ಬಳೆ ತೊಟ್ಟ, ಮೊಣಕೈ ಮಡಿಚಿ ಎತ್ತಿದ ತೋಳೊಂದು ಇದ್ದರೆ ಅದು ಮಾಸ್ತಿಕಲ್ಲು. ಗಂಡನೊಂದಿಗೆ ಚಿತೆಯೇರಿದವಳ ನೆನಪು. ಒಂದೇ ಕಲ್ಲಿನಲ್ಲಿ ಎರಡೂ ಇರುವುದುಂಟು.

ಪಾಂಡವರ ಮಾತು ಎಲ್ಲಿಂದ ಬಂತೆಂದು ಹೇಳುವುದು ಕಷ್ಟವಲ್ಲ. ಸೋಮವಾರಪೇಟೆ ತಾಲ್ಲೂಕಿನಲ್ಲೇ, ದೊಡ್ಡಮಳ್ತೆಯ ಬಳಿಯ ಮೋರಿಬೆಟ್ಟದಲ್ಲಿ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಶಿಲಾಸಮಾಧಿಗಳಿವೆ. ಅವು ಬೃಹತ್ ಶಿಲಾಯುಗದವು, ನಿಮ್ಮ ವೀರಗಲ್ಲಿಗಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳೆಯವು. ಯಾರು ಕಟ್ಟಿದರೆಂದು ತಿಳಿಯದ ದೊಡ್ಡ ಕಲ್ಲಿನ ಕೆಲಸವನ್ನೆಲ್ಲ ಪಾಂಡವರ ತಲೆಗೆ ಕಟ್ಟುವುದು ನಮ್ಮ ಜನರ ಹಳೆಯ ಅಭ್ಯಾಸ. ಅದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಲ್ಲ, ಆದರೆ ಫಲಕದ ಮೇಲೆ ಬರೆಯುವ ಮಾತು ಅದಲ್ಲ.

ಹಿರಿಯರು ಹೇಳಿದ ಮಾತನ್ನು ಮಾತ್ರ ಅಷ್ಟು ಬೇಗ ತಳ್ಳಿಹಾಕಲಾರೆ. 1834ರ ಏಪ್ರಿಲಿನಲ್ಲಿ ಕಂಪನಿಯ ಸೇನೆ ಹಲವು ದಂಡುಗಳಾಗಿ ಒಡೆದು ಬೇರೆ ಬೇರೆ ದಿಕ್ಕಿನಿಂದ ಕೊಡಗನ್ನು ಹೊಕ್ಕಿತು. ಪೂರ್ವದಿಂದ ಬಂದ ಕರ್ನಲ್ ಲಿಂಡ್ಸೆಯ ದಂಡು ಏಪ್ರಿಲ್ 6ರಂದು ಮಡಿಕೇರಿಯನ್ನು ಸೇರಿತು; ಮೇ 7ರಂದು ಕೊಡಗು ಕಂಪನಿಯ ಆಡಳಿತಕ್ಕೆ ಸೇರಿತೆಂಬ ಘೋಷಣೆಯಾಯಿತು. ಪಠ್ಯಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಉತ್ತರದಿಂದ ಬಂದ ದಂಡಿನ ಕಥೆ ಬೇರೆ. ಏಪ್ರಿಲ್ 3ರಂದು ಸೋಮವಾರಪೇಟೆಯ ಬಳಿ ಬಕ್ಕದ ಬೇಲಿಕೋಟೆಯ ಮುಂದೆ ಆ ದಂಡು ಪೆಟ್ಟು ತಿಂದು ಹಿಮ್ಮೆಟ್ಟಿತು. 55ನೇ ಕಾಲ್ದಳದ ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲಿಯೇ ಸತ್ತನು. ಅಂದರೆ ನಿಮ್ಮ ಸೀಮೆಯಲ್ಲಿ ಆ ಯುದ್ಧ ನಿಜವಾಗಿ ನಡೆದಿದೆ, ಅದೂ ಕೊಡಗಿನವರು ಗೆದ್ದ ಕಾಳಗ. ಅದರ ನೆನಪು ಐದಾರು ತಲೆಮಾರು ದಾಟಿ ಬಂದು, ನಿಲ್ಲಲು ಒಂದು ಜಾಗ ಬೇಕಾಗಿ, ಕತ್ತಿ ಹಿಡಿದ ಮನುಷ್ಯನಿರುವ ಕಲ್ಲನ್ನು ಹುಡುಕಿಕೊಂಡಿರುವುದು ಸಹಜ.

ಆದರೂ ಕಲ್ಲು 1834ರದ್ದಲ್ಲ ಎಂದೇ ನನ್ನ ಅಭಿಪ್ರಾಯ. ಅಪ್ಸರೆಯರು, ಲಿಂಗ, ಸೂರ್ಯಚಂದ್ರರು ಇರುವ ಮೂರು ಪಟ್ಟಿಕೆಗಳ ವೀರಗಲ್ಲು ನಮ್ಮಲ್ಲಿ ಬಹುವಾಗಿ ನಿಂತದ್ದು ಹತ್ತರಿಂದ ಹದಿಮೂರನೆಯ ಶತಮಾನದ ನಡುವೆ. ಆಮೇಲೂ ನಿಲ್ಲಿಸಿದ್ದುಂಟು, ಆದರೆ ಕೆತ್ತನೆಯ ಕ್ರಮ ಬದಲಾಗುತ್ತ ಹೋಯಿತು. ಹತ್ತೊಂಬತ್ತನೆಯ ಶತಮಾನದ ಯೋಧನಾದರೆ ಕೋವಿ ಹಿಡಿದಿರುವ ಸಾಧ್ಯತೆಯೇ ಹೆಚ್ಚು. ನಿಮ್ಮ ಕಲ್ಲಿನಲ್ಲಿ ಕೋವಿ ಕಂಡರೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ನಿಮ್ಮ ಸುತ್ತಲಿನ ನೆಲದ ಹಳೆಯ ಇತಿಹಾಸವೂ ಆ ಕಾಲಕ್ಕೇ ಕೈತೋರಿಸುತ್ತದೆ. ಇಂದಿನ ಉತ್ತರ ಕೊಡಗು ಮತ್ತು ಅದಕ್ಕೆ ಹೊಂದಿಕೊಂಡ ಅರಕಲಗೂಡು ಸೀಮೆ ಹನ್ನೊಂದನೆಯ ಶತಮಾನದಲ್ಲಿ ಕೊಂಗಾಳ್ವರ ಕೈಯಲ್ಲಿತ್ತು. ಈ ಮನೆತನ ಹುಟ್ಟಿದ್ದೇ ಒಂದು ಕಾಳಗದ ಫಲವಾಗಿ. ಪನಸೋಗೆಯ ಯುದ್ಧದಲ್ಲಿ ಮೆರೆದ ಮನಿಜನೆಂಬ ವೀರನಿಗೆ ರಾಜರಾಜ ಚೋಳನು ಮಾಳಂಬಿಯನ್ನು ಕೊಟ್ಟು ಕೊಂಗಾಳ್ವ ಎಂಬ ಬಿರುದನ್ನೂ ಕಟ್ಟಿಸಿದನು. ನಿಮಗೆ ಹತ್ತಿರದಲ್ಲೇ ಇರುವ ಮುಳ್ಳೂರಿನಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥರ ಮೂರು ಬಸದಿಗಳಿವೆ. ಅಲ್ಲಿನ 1058ರ ಶಾಸನಗಳಲ್ಲಿ ರಾಜೇಂದ್ರ ಕೊಂಗಾಳ್ವ, ಅವನ ತಾಯಿ ಪೋಚಬ್ಬರಸಿ, ಗುರು ಗುಣಸೇನ ಪಂಡಿತರ ಹೆಸರುಗಳು ಬರುತ್ತವೆ. ಶನಿವಾರಸಂತೆ ಎಂದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ ಊರೆಂದು ಎಲ್ಲರಿಗೂ ಗೊತ್ತು; ಅಲ್ಲಿಂದ ಸ್ವಲ್ಪ ದೂರದಲ್ಲೇ ಒಂಬತ್ತು ಶತಮಾನಕ್ಕೂ ಹಳೆಯ ರಾಜಮಾತೆಯೊಬ್ಬಳ ಹೆಸರು ಕಲ್ಲಿನ ಮೇಲೆ ಇದೆ ಎಂಬುದು ಗೊತ್ತಿರುವವರು ಕಡಿಮೆ.

ಕಲ್ಲಿನಲ್ಲಿ ಅಕ್ಷರವಿದೆಯೇ ಎಂದು ನೀವು ಬರೆದಿಲ್ಲ. ವೀರಗಲ್ಲಿನಲ್ಲಿ ಅಕ್ಷರಗಳು ಪಟ್ಟಿಕೆಗಳ ನಡುವಿನ ಕಿರಿದಾದ ಅಡ್ಡಪಟ್ಟಿಯ ಮೇಲಿರುತ್ತವೆ, ಇಲ್ಲವೇ ಅಂಚಿನುದ್ದಕ್ಕೆ ಇರುತ್ತವೆ. ಹಗಲು ನೆತ್ತಿಯ ಬಿಸಿಲಿನಲ್ಲಿ ಅವು ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಓರೆಬಿಸಿಲು ಬೀಳುವಾಗ ನೋಡಿ, ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿಸುವಂತೆ ಹಿಡಿದು ನೋಡಿ. ಇಲ್ಲವೆಂದುಕೊಂಡಿದ್ದ ಸಾಲುಗಳು ನೆರಳಾಗಿ ಎದ್ದುಬರುತ್ತವೆ. ಸೀಮೆಸುಣ್ಣದಿಂದ ತಿದ್ದಬೇಡಿ, ತಿದ್ದಿದವರು ತಮಗೆ ಕಂಡದ್ದನ್ನು ತಿದ್ದುತ್ತಾರೆ, ಆಮೇಲೆ ಬಂದವರಿಗೆ ಅದೇ ಕಾಣುತ್ತದೆ. ಹಾವಸೆಯನ್ನು ತಂತಿಬ್ರಷ್‌ನಿಂದ ಕೆರೆಯಬೇಡಿ, ಆಸಿಡ್ ಹಾಕಬೇಡಿ, ಎಣ್ಣೆ ಸವರಬೇಡಿ. ಬರಿಯ ನೀರು, ತೆಂಗಿನ ನಾರು ಅಥವಾ ಮೆದುವಾದ ಬ್ರಷ್ಷು, ಇಷ್ಟು ಸಾಕು. ಬಣ್ಣದ ಬಗ್ಗೆ ಯುವಕ ಸಂಘದವರಿಗೆ ನನ್ನ ವಿನಂತಿ ಒಂದೇ: ಬೇಡ. ಎನಾಮಲ್ ಬಣ್ಣ ಸಣ್ಣ ಕೆತ್ತನೆಗಳನ್ನೂ ಅಕ್ಷರದ ಗೀರುಗಳನ್ನೂ ಮುಚ್ಚಿಬಿಡುತ್ತದೆ. ಒಳಗೆ ಸಿಕ್ಕಿಕೊಂಡ ತೇವ ಹೊರಬರಲಾರದೆ ಮೇಲ್ಮೈ ಚಕ್ಕೆಚಕ್ಕೆಯಾಗಿ ಏಳುತ್ತದೆ. ಮುಂಗಾರಿನ ನಾಲ್ಕು ತಿಂಗಳು ಕಲ್ಲು ಒಣಗುವುದೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಇದು ಬೇರೆ ಕಡೆಗಿಂತ ಬೇಗ ಆಗುತ್ತದೆ.

ಅಕ್ಷರ ಸಿಕ್ಕಿದರೆ ಶಾಸನ ಬಲ್ಲವರಿಂದ ಪಡಿಯಚ್ಚು ತೆಗೆಸಬೇಕು. ಒದ್ದೆಯಾದ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್‌ನಿಂದ ತಟ್ಟಿ ಗೀರುಗಳೊಳಗೆ ಇಳಿಸಿ, ಮೇಲೆ ಮಸಿಯುಂಡೆ ಒತ್ತಿದರೆ ಅಕ್ಷರಗಳು ಬೆಳ್ಳಗೆ ಉಳಿದು ಸುತ್ತಲಿನ ಜಾಗ ಕಪ್ಪಾಗುತ್ತದೆ. ಅದಕ್ಕೂ ಮೊದಲು ಈ ಕಲ್ಲು ಈಗಾಗಲೇ ದಾಖಲಾಗಿದೆಯೇ ಎಂದು ನೋಡಿ. ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಕೊಡಗಿನ ಶಾಸನಗಳಿಗೇ ಮೀಸಲು. 1886ರಲ್ಲಿ ಬಂದು 1914ರಲ್ಲಿ ಪರಿಷ್ಕೃತವಾಯಿತು. ಕ್ರಿ.ಶ. 887ರ ಬಿಳಿಯೂರಿನ ಶಾಸನ, 977ರ ಪೆಗ್ಗೂರಿನ ಶಾಸನ ಅದರಲ್ಲಿವೆ. ತೇದಿಯನ್ನು ಲೆಕ್ಕ ಹಾಕುವಾಗ ಎಚ್ಚರ ಬೇಕು. ಶಕವರ್ಷಕ್ಕೆ 78 ಕೂಡಿದರೆ ಕ್ರಿಸ್ತಶಕ ಬರುತ್ತದೆ: ಬಿಳಿಯೂರಿನದು ಶಕ 809, ಪೆಗ್ಗೂರಿನದು ಶಕ 899. ಆದರೆ ಕಲ್ಲಿನಲ್ಲಿ ಸಂವತ್ಸರದ ಹೆಸರು ಮಾತ್ರ ಉಳಿದಿದ್ದರೆ ವರ್ಷ ಹೇಳಲಾಗದು, ಏಕೆಂದರೆ ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ರಾಜ್ಯ ಹೋದ 1834ರ ವರ್ಷ ಜಯ ಸಂವತ್ಸರ. 1894, 1954, 2014 ಕೂಡ ಜಯವೇ.

ಈಗ ಕಾನೂನು. ಇಲ್ಲಿ ನಿಮಗೆ ಸ್ವಲ್ಪ ನಿರಾಶೆಯಾಗಬಹುದು. ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ನೀಲಿ ಫಲಕಗಳನ್ನು ನೀವು ನೋಡಿರುತ್ತೀರಿ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಎಂದು ಅದರಲ್ಲಿ ಬರೆದಿರುತ್ತದೆ. ಆ ಫಲಕ ಇತಿಹಾಸವನ್ನು ಹೇಳುವುದಕ್ಕಲ್ಲ, 1958ರ ಕಾಯ್ದೆಯಂತೆ ಘೋಷಿತವಾದ ಸ್ಮಾರಕವಿದು ಎಂದು ತಿಳಿಸುವುದಕ್ಕೆ. ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನು 200 ಮೀಟರ್ ನಿಯಂತ್ರಿತ ಪ್ರದೇಶ. ಮಡಿಕೇರಿ ಕೋಟೆಯೊಳಗಿನ ಅರಮನೆಗೆ ಈ ರಕ್ಷಣೆಯಿದೆ. ರಾಜ್ಯದ ಪುರಾತತ್ವ ಇಲಾಖೆ ತನ್ನ 1961ರ ಕಾಯ್ದೆಯ ಮೂಲಕ ಬೇರೆ ಕೆಲವನ್ನು ರಕ್ಷಿಸುತ್ತದೆ. ಯಾವ ಪಟ್ಟಿಯಲ್ಲೂ ಇಲ್ಲದ, ತಿರುವಿನಲ್ಲಿ ಒಂಟಿಯಾಗಿ ನಿಂತ ವೀರಗಲ್ಲಿಗೆ ಇವೆರಡರ ಆಸರೆಯೂ ತಾನಾಗಿ ಸಿಗುವುದಿಲ್ಲ. ನೂರು ವರ್ಷ ದಾಟಿದ ಶಿಲ್ಪ 1972ರ ಕಾಯ್ದೆಯ ಪ್ರಕಾರ ಪುರಾವಸ್ತು ಎನಿಸಿಕೊಳ್ಳುತ್ತದೆ ನಿಜ. ಆದರೆ ಆ ಕಾಯ್ದೆಯ ಗಮನವಿರುವುದು ಮಾರಾಟ ಮತ್ತು ಸಾಗಾಟದ ಮೇಲೆ, ರಸ್ತೆಯ ಅಗಲದ ಮೇಲೆ ಅಲ್ಲ.

ಹಾಗಾಗಿ ಕೆಲಸ ನಡೆಯಬೇಕಾದದ್ದು ಕಾಗದದ ಮೂಲಕ, ಅದೂ ಯಂತ್ರ ಬರುವ ಮುಂಚೆ. ಕಲ್ಲಿನ ನಾಲ್ಕೂ ಮಗ್ಗುಲಿನ ಫೋಟೊ, ಜೊತೆಗೆ ದೂರದಿಂದ ರಸ್ತೆ ಮತ್ತು ಕಲ್ಲು ಎರಡೂ ಕಾಣುವಂಥ ಒಂದು ಫೋಟೊ, ಎತ್ತರ ಅಗಲಗಳ ಅಳತೆ, ಮುಖ ಯಾವ ದಿಕ್ಕಿಗಿದೆ ಎಂಬುದು, ಸರ್ವೆ ನಂಬರು, ಮೊಬೈಲಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ, ಇಷ್ಟನ್ನು ಒಂದೇ ಅರ್ಜಿಗೆ ಲಗತ್ತಿಸಿ ತಹಶೀಲ್ದಾರರಿಗೂ, ರಸ್ತೆ ಯಾರದೋ ಆ ಇಲಾಖೆಯ ಎಂಜಿನಿಯರಿಗೂ, ರಾಜ್ಯ ಪುರಾತತ್ವ ಇಲಾಖೆಗೂ ಕೊಡಿ. ಗ್ರಾಮ ಪಂಚಾಯಿತಿಯಿಂದ ಒಂದು ಠರಾವು ಸೇರಿಸಿದರೆ ಅರ್ಜಿಗೆ ತೂಕ ಬರುತ್ತದೆ. ರಸ್ತೆ ಯಾರದೆಂದು ತಿಳಿಯದಿದ್ದರೆ ಕಿಲೋಮೀಟರು ಕಲ್ಲಿನ ತಲೆಯ ಬಣ್ಣ ನೋಡಿ: ಹಳದಿ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ, ಕಿತ್ತಳೆ ಗ್ರಾಮೀಣ ರಸ್ತೆ. (ಮೈಲಿಗಳ ಕಾಲದ ಹಳೆಯ ಕಲ್ಲು ಎಲ್ಲಾದರೂ ಉಳಿದಿದ್ದರೆ ಅದರ ಫೋಟೊವನ್ನೂ ತೆಗೆದಿಡಿ; ಅದೂ ಚರಿತ್ರೆಯೇ, ಅದನ್ನು ಕೇಳುವವರಂತೂ ಯಾರೂ ಇಲ್ಲ.) ತಿರುವನ್ನು ಎರಡು ಮೀಟರ್ ಆಚೆ ಸರಿಸಲು ಆಗುವುದೇ ಇಲ್ಲ ಎಂದು ಎಂಜಿನಿಯರರೇ ಬರೆದು ಕೊಟ್ಟರೆ, ಆಗ ಮಾತ್ರ ಕಲ್ಲನ್ನು ಅದೇ ದಿಕ್ಕಿಗೆ ಮುಖಮಾಡಿ ರಸ್ತೆಯ ಹೊಸ ಅಂಚಿಗೆ ಸರಿಸಬಹುದು, ಮೊದಲು ಎಲ್ಲಿತ್ತು, ಎಷ್ಟು ಸರಿಸಲಾಯಿತು ಎಂಬುದನ್ನು ಫಲಕದಲ್ಲೇ ಬರೆಯಬೇಕು.

ಫಲಕದ ವಿಚಾರಕ್ಕೆ ಬರುತ್ತೇನೆ. ಕಲ್ಲು ಸಾಕ್ಷಿ, ಫಲಕ ಹೇಳಿಕೆ. ಸಾಕ್ಷಿ ಹೇಳದೆ ಇದ್ದುದನ್ನು ಹೇಳಿಕೆ ಹೇಳಬಾರದು ಎಂಬುದೇ ನನ್ನ ನಿಲುವು. ನಮ್ಮ ಜಿಲ್ಲೆಯಲ್ಲಿ ಈ ಎರಡರ ನಡುವಿನ ಅಂತರ ಎಷ್ಟು ಸುಲಭವಾಗಿ ಅಳಿಸಿಹೋಗುತ್ತದೆ ಎಂಬುದಕ್ಕೆ ಕುಶಾಲನಗರದ ಹೆಸರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹೈದರಾಲಿ ಅಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಸಂತೋಷದಿಂದ ಅವನು ಆ ಜಾಗವನ್ನು ಖುಷಿಯಾಲ್ ನಗರ ಎಂದು ಕರೆದನು ಎಂಬ ಕಥೆಯನ್ನು ಶಾಲೆಯಲ್ಲಿ ಕೇಳದ ಕೊಡಗಿನವರಿಲ್ಲ. ಟಿಪ್ಪು ಹುಟ್ಟಿದ್ದು 1750ರ ಹೊತ್ತಿಗೆ, ದೇವನಹಳ್ಳಿಯಲ್ಲಿ. ಹೈದರನ ಕಾಲು ಕೊಡಗಿನ ಕಡೆಗೆ ತಿರುಗಿದ್ದು 1760ರ ದಶಕದಲ್ಲಿ. ಮಗು ಹತ್ತು ವರ್ಷದ ಹುಡುಗನಾದ ಮೇಲೆ ಹುಟ್ಟಿದ ಸುದ್ದಿ ಬರುವುದು ಹೇಗೆ? ಇನ್ನೊಂದು ಹೆಸರಿಗೆ ದಾಖಲೆ ಗಟ್ಟಿಯಾಗಿದೆ: 1834ರ ನಂತರ ಇಲ್ಲಿ ಪೊಲಿಟಿಕಲ್ ಏಜೆಂಟ್ ಆಗಿದ್ದ ಕರ್ನಲ್ ಫ್ರೇಸರನ ಹೆಸರಿನಲ್ಲಿ ಊರು ಫ್ರೇಸರ್‌ಪೇಟೆಯಾಗಿತ್ತು. ಗಟ್ಟಿಯಾದ ಹೆಸರನ್ನು ಜನ ಮರೆತರು, ಪೊಳ್ಳಾದ ಕಥೆಯನ್ನು ಉಳಿಸಿಕೊಂಡರು. ಕಥೆ ಚೆನ್ನಾಗಿದ್ದರೆ ಹಾಗೆಯೇ ಆಗುತ್ತದೆ.

ಇದಕ್ಕೆ ಎದುರಾಗಿ ವಿರಾಜಪೇಟೆಯನ್ನು ನೋಡಿ. ಪೆರಿಯಾಪಟ್ಟಣದ ಸೆರೆಯಿಂದ 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಬಂದ ಕೊಡಗಿನ ಅರಸ ದೊಡ್ಡವೀರರಾಜೇಂದ್ರ, 1790ರಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು, 1791ರಲ್ಲಿ ಕಂಪನಿಯ ಸೇನಾಪತಿ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದನು. ಆ ಭೇಟಿಯ ನೆನಪಿಗೆ 1792ರಲ್ಲಿ ವೀರರಾಜೇಂದ್ರಪೇಟೆಯನ್ನು ಕಟ್ಟಿಸಿದನು. ಒಂದು ಇಡೀ ಪಟ್ಟಣವೇ ಸ್ಮಾರಕ ಫಲಕದಂತೆ ನಿಂತಿದೆ, ತೇದಿ ಸಮೇತ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರು ಅಲ್ಲಿ ನೆಲೆಸಿದರು. ಸಂತ ಅನ್ನಮ್ಮನವರ ಚರ್ಚಿನ ಮೂಲವೂ ಅದೇ 1792ಕ್ಕೆ ಹೋಗುತ್ತದೆ.

ಕಟ್ಟಡವೇ ತಪ್ಪು ಸುಳಿವು ಕೊಡುವಲ್ಲಿ ಒಳ್ಳೆಯ ಫಲಕ ತನ್ನ ಬೆಲೆಯನ್ನು ತೋರಿಸುತ್ತದೆ. ಮಡಿಕೇರಿಯ ಗದ್ದಿಗೆಯ, ಅಂದರೆ ಕೊಡಗಿನ ಅರಸರ ಸಮಾಧಿಗಳ, ಗುಮ್ಮಟಗಳನ್ನು ದೂರದಿಂದ ಕಂಡ ಹೊರಗಿನವರು ದರ್ಗಾ ಎಂದು ತಿಳಿಯುವುದುಂಟು. ಹತ್ತಿರ ಹೋದರೆ ಮೂಲೆಗಳಲ್ಲಿ ನಂದಿಗಳು ಕಾಣುತ್ತವೆ. ಹಾಲೇರಿಯ ಅರಸರು ವೀರಶೈವರು. ಅವರಲ್ಲಿ ಶವವನ್ನು ಹೂಳುವುದು ಕ್ರಮ, ಕಟ್ಟಿದ ಕೈಗಳು ಕಲಿತಿದ್ದ ಶೈಲಿ ಬೇರೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ಗುಮ್ಮಟಕ್ಕೂ ಇದೇ ಮಾತು. ಗದ್ದಿಗೆಯ ಆವರಣದಲ್ಲೇ ಟಿಪ್ಪುವಿನ ಸೇನೆಯ ವಿರುದ್ಧ ಹೋರಾಡಿ ಮಡಿದ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯ ಇವರ ಸಮಾಧಿಗಳಿವೆ. ಅರಸನ ಪಕ್ಕದಲ್ಲಿ ಸೇನಾನಿಗೆ ಜಾಗ ಕೊಟ್ಟ ಈ ಸಂಗತಿ ನನ್ನ ದೃಷ್ಟಿಯಲ್ಲಿ ಗುಮ್ಮಟದ ಶೈಲಿಗಿಂತ ದೊಡ್ಡದು, ಆದರೆ ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡದೆ ಹಿಂತಿರುಗುತ್ತಾರೆ.

ಒಂದೇ ಘಟನೆಗೆ ಎರಡು ಗುರುತುಗಳಿದ್ದು ಎರಡೂ ಒಂದಕ್ಕೊಂದು ವಿರುದ್ಧವಾಗಿ ಮಾತನಾಡುವುದೂ ಉಂಟು. 1837ರಲ್ಲಿ ಸುಳ್ಯ ಸೀಮೆಯಿಂದ ಎದ್ದ ದಂಗೆ ಮಂಗಳೂರಿನವರೆಗೆ ಹೋಗಿ, ಏಪ್ರಿಲ್ 5ರಂದು ಬಾವುಟಗುಡ್ಡದ ಮೇಲೆ ತನ್ನ ಬಾವುಟವನ್ನು ಏರಿಸಿತು. ಅದರಲ್ಲಿ ಮುಂದೆ ನಿಂತಿದ್ದ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕಗಳನ್ನು ಮಾಡಿಸಿ ಕೊಟ್ಟಿತು. ಅವುಗಳ ಮೇಲೆ ಕನ್ನಡದ ಬರಹವೂ ಇತ್ತು. ಇಂದು ಅಪ್ಪಯ್ಯಗೌಡರ ಪ್ರತಿಮೆ ಮಡಿಕೇರಿಯಲ್ಲಿದೆ, ದಂಗೆಯ ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯಗೌಡರದ್ದು 2022ರಿಂದ ಬಾವುಟಗುಡ್ಡದಲ್ಲಿದೆ. ಪದಕವೂ ಸುಳ್ಳಲ್ಲ, ಪ್ರತಿಮೆಯೂ ಸುಳ್ಳಲ್ಲ. ಯಾರು, ಯಾವಾಗ ನಿಲ್ಲಿಸಿದರು ಎಂಬುದು ಗೊತ್ತಿದ್ದರೆ ಎರಡನ್ನೂ ಓದಬಹುದು. ಆದ್ದರಿಂದ ನಿಮ್ಮ ಫಲಕದ ಕೆಳಗೆ ಅದನ್ನು ನಿಲ್ಲಿಸಿದವರ ಹೆಸರು ಮತ್ತು ವರ್ಷ ಇರಲೇಬೇಕು. ಉದ್ಘಾಟಿಸಿದವರ ಹೆಸರು ಇರದಿದ್ದರೆ ನಡೆಯುತ್ತದೆ. ನಮ್ಮ ಬಹುಪಾಲು ಕಲ್ಲುಫಲಕಗಳಲ್ಲಿ ಆಗುತ್ತಿರುವುದು ಇದರ ತಿರುವುಮುರುವು.

ಕಲ್ಲೇ ಇಲ್ಲದ ಜಾಗಗಳಿಗೂ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಸಂಘ ಮುಂದೆ ಇನ್ನಷ್ಟು ಫಲಕಗಳನ್ನು ಯೋಚಿಸಬಹುದು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿಯಲ್ಲಿ ತಂಗಿದ್ದರು. ಅವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಕತೆಗಾರ್ತಿ ಕೊಡಗಿನ ಗೌರಮ್ಮ ಐದೇ ವರ್ಷಗಳ ನಂತರ, 1939ರ ಏಪ್ರಿಲಿನಲ್ಲಿ, ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡರು. ಆ ದಾರಿಯಲ್ಲಿ ಹೋಗುವವರಿಗೆ ಕಾಣುವುದು ಕಾಫಿ ತೋಟ ಮತ್ತು ಸಿಲ್ವರ್ ಮರಗಳು. ಗಾಂಧೀಜಿಯವರ ಚಿತಾಭಸ್ಮದ ಅಂಶವೊಂದು ಮಡಿಕೇರಿಯ ಖಜಾನೆಯಲ್ಲಿದ್ದು, ಜನವರಿ 30ರಂದು ಅದನ್ನು ಹೊರತಂದು ಗೌರವ ಸಲ್ಲಿಸುವ ಪದ್ಧತಿಯಿದೆ ಎಂಬುದೂ ಹಲವರಿಗೆ ಹೊಸ ಸುದ್ದಿ. ಇಂಥ ಕಡೆ, ಬರಹದ ದಾಖಲೆ ಗಟ್ಟಿಯಿದ್ದು ಕಣ್ಣಿಗೆ ಏನೂ ಕಾಣದಿರುವಲ್ಲಿ, ಫಲಕ ನಿಜವಾಗಿ ಬೇಕು.

ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯಂಥ ಜಾಗದ ರೀತಿ ಇನ್ನೊಂದು. ಕೆರೆಯಲ್ಲಿ ನೀರು ನಿಲ್ಲಲೆಂದು ಹೊನ್ನಮ್ಮ ತನ್ನನ್ನೇ ಕೊಟ್ಟುಕೊಂಡಳು ಎಂಬುದು ಐತಿಹ್ಯ, ಗೌರಿಹಬ್ಬದಂದು ಅಲ್ಲಿ ಬಾಗಿನ ಕೊಡುವುದು ಇಂದಿಗೂ ನಡೆಯುವ ಆಚರಣೆ. ಇಲ್ಲಿ ‘ಎಂದು ಹೇಳುತ್ತಾರೆ’ ಎಂಬ ಎರಡು ಪದ ಸೇರಿಸಿದರೆ ಫಲಕ ಸತ್ಯವನ್ನೇ ನುಡಿದಂತಾಗುತ್ತದೆ, ಯಾರ ಭಕ್ತಿಗೂ ನೋವಾಗುವುದಿಲ್ಲ.

ಆ ಎರಡು ಪದಗಳೇ ನಿಮ್ಮ ಊರಿನ ಹಿರಿಯರ ಮಾತಿಗೂ ಜಾಗ ಮಾಡಿಕೊಡುತ್ತವೆ. ಅಕ್ಷರ ಸಿಗದೆ ಹೋದರೆ ನಾನು ಬರೆಯುವ ಫಲಕ ಹೀಗಿರುತ್ತದೆ: ‘ವೀರಗಲ್ಲು. ಹೋರಾಟದಲ್ಲಿ ಮಡಿದ ವೀರನೊಬ್ಬನ ನೆನಪಿಗೆ ನಿಲ್ಲಿಸಿದ್ದು. ಕೆತ್ತನೆಯ ರೀತಿಯಿಂದ ಹತ್ತರಿಂದ ಹದಿಮೂರನೆಯ ಶತಮಾನದ ನಡುವಿನದೆಂದು ತೋರುತ್ತದೆ. ಆ ಅವಧಿಯಲ್ಲಿ ಈ ಸೀಮೆಯನ್ನು ಕೊಂಗಾಳ್ವ ಅರಸರು ಆಳಿದ್ದರು. 1834ರ ಯುದ್ಧದಲ್ಲಿ ಮಡಿದವನ ಕಲ್ಲು ಇದು ಎಂದು ಊರಿನ ಹಿರಿಯರು ಹೇಳುತ್ತಾರೆ. ಆ ವರ್ಷ ಏಪ್ರಿಲ್ 3ರಂದು ಸೋಮವಾರಪೇಟೆಯ ಬಳಿಯ ಬಕ್ಕದಲ್ಲಿ ಕಾಳಗ ನಡೆದಿತ್ತು. ಕಲ್ಲು ತನ್ನ ಮೂಲ ಸ್ಥಳದಲ್ಲೇ ಇದೆ.’ ಅದರ ಕೆಳಗೆ ಸಂಘದ ಹೆಸರು, ವರ್ಷ. ಇದಕ್ಕಿಂತ ಹೆಚ್ಚು ಬರೆದರೆ ನಿಂತು ಓದುವವರಿರುವುದಿಲ್ಲ.

ಫಲಕವನ್ನು ಕಬ್ಬಿಣದ ತಗಡಿನಲ್ಲಿ ಮಾಡಿಸಬೇಡಿ, ಮೂರು ಮಳೆಗಾಲಕ್ಕೆ ತುಕ್ಕು ಅಕ್ಷರಗಳನ್ನು ತಿನ್ನುತ್ತದೆ. ಗ್ರಾನೈಟಿನಲ್ಲಿ ಆಳವಾಗಿ ಕೊರೆಸಿ, ಬಣ್ಣ ಹೋದರೂ ಓದುವಂತಿರಲಿ. ಅದನ್ನು ವೀರಗಲ್ಲಿಗೆ ಅಂಟಿಸಬೇಡಿ, ಸಿಮೆಂಟು ಕಟ್ಟೆ ಕಟ್ಟಿ ಅದರೊಳಗೆ ವೀರಗಲ್ಲನ್ನು ಹುಗಿಯಬೇಡಿ. ಎರಡು ಮೂರು ಅಡಿ ದೂರದಲ್ಲಿ, ತಿರುವಿನ ಹೊರಮಗ್ಗುಲಿಗಲ್ಲದೆ ಒಳಮಗ್ಗುಲಿಗೆ ನಿಲ್ಲಿಸಿ. ಮಡಿಕೇರಿಯ ವೃತ್ತದಲ್ಲಿದ್ದ ಜನರಲ್ ತಿಮ್ಮಯ್ಯನವರ ಪ್ರತಿಮೆಯೇ 2023ರಲ್ಲಿ ಬಸ್ಸು ಬಡಿದು ಕೆಳಗೆ ಬಿದ್ದಿತ್ತು. ಹಳ್ಳಿಯ ತಿರುವಿನ ಫಲಕವನ್ನು ಮಂಜಿನಲ್ಲಿ ಬರುವ ಮರದ ಲಾರಿ ನೋಡಿಕೊಂಡು ಬರುವುದಿಲ್ಲ.

ಕಲ್ಲು ಅರ್ಧ ಹೂತುಹೋಗಿದೆ ಎಂದಿದ್ದೀರಿ. ಅಂದರೆ ಕತ್ತಿ ಹಿಡಿದವನ ಕಾಲಿನ ಕೆಳಗೆ ಇನ್ನೂ ಒಂದು ಪಟ್ಟಿಕೆ ಮಣ್ಣಿನೊಳಗಿರಬಹುದು, ದನಗಳಿವೆಯೋ ಇಲ್ಲವೋ, ಅಕ್ಷರವಿದೆಯೋ ಇಲ್ಲವೋ ಅಲ್ಲಿಯೇ ಗೊತ್ತಾಗಬೇಕು. ನೀವಾಗಿ ಅಗೆಯಬೇಡಿ. ಇಲಾಖೆಯವರು ಬಂದಾಗ ಅವರ ಎದುರಿಗೇ ಮಣ್ಣು ತೆಗೆಸಿ, ತೆಗೆದ ದಿನವೇ ಫೋಟೊ ಹಿಡಿದು, ಆ ಪಟ್ಟಿಕೆಯದ್ದೊಂದು ಪ್ರತಿಯನ್ನು ನನಗೂ ಕಳುಹಿಸಿ. ಗ್ರಾನೈಟಿಗೆ ಮುಂಗಡ ಕೊಡುವುದನ್ನು ಅಲ್ಲಿಯವರೆಗೆ ತಡೆಯಿರಿ.